ಜಾಮರ್ ಹಾಕಿದರೆ ಯಾರ್ಯಾರ ಫೋನ್ ನಿಲ್ಲುತ್ತದೆ?

(ಶಿವಮೊಗ್ಗ ಜಿಲ್ಲೆಯ ಒಂದು ಪದವಿ ಕಾಲೇಜಿನಲ್ಲಿ ಅಧ್ಯಾಪಕರು ಮತ್ತು ಪೋಷಕರ ಮುಂದೆ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ನನ್ನನ್ನು ಯಾಕೆ ಕರೆದಿದ್ದೀರಿ ಅಂತ ಪ್ರಿನ್ಸಿಪಾಲರು ಫೋನಿನಲ್ಲೇ ಹೇಳಿದ್ದರು. ಕ್ಲಾಸಿನಲ್ಲಿ ಮಕ್ಕಳು ಪಾಠ ಕೇಳುತ್ತಿಲ್ಲ. ಡೆಸ್ಕಿನ ಕೆಳಗೆ ಫೋನ್ ಹಿಡಿದುಕೊಂಡಿರುತ್ತಾರೆ. ಮೀಟಿಂಗಿನಲ್ಲಿ ಯಾರೋ ಒಬ್ಬರು, "ಒಂದು ಜಾಮರ್ ತಂದು ಹಾಕಿಬಿಡೋಣ, ಆನ್‌ಲೈನಲ್ಲಿ ಸಿಗುತ್ತಂತೆ" ಅಂದರಂತೆ. ಜಾಮರ್ ಅಂದರೆ ಸುತ್ತಲಿನ ಮೊಬೈಲ್ ಸಿಗ್ನಲ್ಲನ್ನು ತಡೆಯುವ ಪೆಟ್ಟಿಗೆ. ಅವರ ಕಾಳಜಿ ನನಗೆ ಅರ್ಥವಾಗುತ್ತದೆ. ನಾನೂ ಮೂವತ್ತು ವರ್ಷ ಎಲೆಕ್ಟ್ರಾನಿಕ್ಸ್ ಪಾಠ ಮಾಡಿದವನು. ಆದರೆ ಆ ಪೆಟ್ಟಿಗೆ ಕೊಳ್ಳುವ ಮೊದಲು ಅದು ಏನು ಮಾಡುತ್ತದೆ, ಕೊಂಡವರ ಪಾಡು ಏನಾಗುತ್ತದೆ ಎರಡನ್ನೂ ತಿಳಿದುಕೊಳ್ಳಬೇಕು. ಅದಕ್ಕೇ ಬಂದಿದ್ದೇನೆ.

ಮೊದಲು ನಮ್ಮೂರಿನಲ್ಲಿ ನಡೆದದ್ದನ್ನು ಹೇಳುತ್ತೇನೆ.

ನಮ್ಮ ಮನೆ ಹತ್ತಿರ ಒಂದು ಮೂರಂತಸ್ತಿನ ಕಟ್ಟಡ ಇದೆ. ಮೇಲೆ ಕೋಚಿಂಗ್ ಕ್ಲಾಸು, ಕೆಳಗೆ ಒಂದು ಟೀ ಹೋಟೆಲು, ಪಕ್ಕದಲ್ಲಿ ಮೆಡಿಕಲ್ ಶಾಪು, ಎದುರಿಗೆ ಆಟೋ ಸ್ಟ್ಯಾಂಡು. ನಾನು ಹ್ಯಾಮ್ ರೇಡಿಯೋದವನು, ಅಂದರೆ ಲೈಸೆನ್ಸ್ ಪಡೆದು ಹವ್ಯಾಸಕ್ಕೆ ರೇಡಿಯೋ ನಡೆಸುವವನು ಅಂತ ಅಲ್ಲಿನವರಿಗೆಲ್ಲ ಗೊತ್ತು. ಒಂದು ದಿನ ಹೋಟೆಲಿನವರು ಕರೆದು, "ಸಾರ್, ಬೆಳಗ್ಗೆ ಹತ್ತೂವರೆ ಆದ್ರೆ ಸಾಕು, ನನ್ನ ಬಾಕ್ಸ್ ಮೂಕಾಗುತ್ತೆ, ಹನ್ನೆರಡೂವರೆಗೆ ತಾನಾಗೇ ಸರಿಯಾಗುತ್ತೆ" ಅಂದರು. ಬಾಕ್ಸ್ ಅಂದರೆ ಯುಪಿಐ ದುಡ್ಡು ಬಂದಾಗ ಕೂಗಿ ಹೇಳುತ್ತದಲ್ಲ, ಆ ಸೌಂಡ್ ಬಾಕ್ಸು. ಅದರೊಳಗೂ ಒಂದು ಸಿಮ್ ಇರುತ್ತದೆ. ಗಿರಾಕಿಗಳು ಟೀ ಕುಡಿದು, ಫೋನ್ ಎತ್ತಿ ಹಿಡಿದು, ರಸ್ತೆಯಲ್ಲಿ ಆ ಕಡೆ ಈ ಕಡೆ ನಡೆದಾಡುತ್ತಿದ್ದರು. ದುಡ್ಡು ಹೋಗುತ್ತಿರಲಿಲ್ಲ. ಕೆಲವರು "ನಾಳೆ ಕೊಡ್ತೀನಿ" ಅಂತ ಹೊರಡುತ್ತಿದ್ದರು. ಅಷ್ಟು ದಿನ ಹೋಟೆಲಿನವರು ಸಿಮ್ ಕಂಪನಿಯನ್ನು ಬೈದುಕೊಂಡೇ ಕಾಲ ಕಳೆದಿದ್ದರು.

ಮರುದಿನ ಒಂದು ಪುಟ್ಟ ರೇಡಿಯೋ ರಿಸೀವರ್ ಡಾಂಗಲನ್ನು ಲ್ಯಾಪ್‌ಟಾಪಿಗೆ ಚುಚ್ಚಿಕೊಂಡು ಹೋಟೆಲಿನ ಬೆಂಚಿನ ಮೇಲೆ ಕೂತೆ. ಹತ್ತೂಕಾಲಕ್ಕೆ ಪರದೆ ಮೇಲೆ ಎಲ್ಲ ಸರಿಯಾಗಿತ್ತು. ಒಂದೊಂದು ಕಂಪನಿಯ ಟವರಿನ ಸಿಗ್ನಲ್ಲೂ ಬೇರೆ ಬೇರೆ ದಿಬ್ಬದಂತೆ ಎದ್ದು ಕಾಣುತ್ತಿತ್ತು. ಹತ್ತೂವರೆ ಆಯಿತು. ಮೇಲೆ ಕುರ್ಚಿ ಎಳೆಯುವ ಸದ್ದು ಕೇಳಿಸಿತು. ಒಂದೇ ಕ್ಷಣದಲ್ಲಿ ಪರದೆಯ ತಳವೇ ಮೇಲೆದ್ದು ಬಂತು. ಆಷಾಢದಲ್ಲಿ ಹೊಳೆ ಏರಿದಾಗ ಗದ್ದೆಯ ಅಂಚುಗಳು ಒಂದೊಂದಾಗಿ ಮುಳುಗುತ್ತವಲ್ಲ, ಹಾಗೆ ದಿಬ್ಬಗಳೆಲ್ಲ ಮುಳುಗಿಹೋದವು. ಎಲ್ಲ ಕಂಪನಿಯದ್ದೂ ಒಟ್ಟಿಗೇ. ಸಿಮ್ ಕಂಪನಿಯ ತಪ್ಪಾಗಿದ್ದರೆ ಒಂದು ದಿಬ್ಬ ಮಾತ್ರ ಹೋಗಬೇಕಿತ್ತು, ಅಲ್ವಾ?

ಆಮೇಲೆ ಸಣ್ಣ ಯಾಗಿ ಆಂಟೆನಾ, ಅಂದರೆ ತಾನು ತಿರುಗಿದ ದಿಕ್ಕಿನ ಸಿಗ್ನಲ್ಲನ್ನೇ ಹೆಚ್ಚು ಹಿಡಿಯುವ ಆಂಟೆನಾ ಹಿಡಿದು ಹುಡುಕಿದೆ. ಹ್ಯಾಮ್‌ಗಳು ಇದಕ್ಕೆ ಫಾಕ್ಸ್ ಹಂಟ್ ಅನ್ನುತ್ತೇವೆ, ಆಟದಂತೆ ಅಭ್ಯಾಸ ಮಾಡುತ್ತೇವೆ. ಆಂಟೆನಾವನ್ನು ನಿಧಾನವಾಗಿ ತಿರುಗಿಸುತ್ತಾ ಹೋದರೆ ಗದ್ದಲ ಎಲ್ಲಿ ಜಾಸ್ತಿ ಅಂತ ತಿಳಿಯುತ್ತದೆ. ನಾಲ್ಕು ಜಾಗದಿಂದ ನೋಡಿದೆ. ನಾಲ್ಕೂ ಸಲ ಆಂಟೆನಾ ಎರಡನೇ ಮಹಡಿಯ ಕಿಟಕಿಯನ್ನೇ ತೋರಿಸಿತು.

ಮೇಲೆ ಹೋಗಿ ಕೇಳಿದೆ. ಅವರು ಮುಚ್ಚಿಡಲಿಲ್ಲ. "ಹತ್ತು ಮೀಟರ್ ಮಾತ್ರ ಅಂತ ಬರೆದಿತ್ತು ಸಾರ್, ನಮ್ಮ ಕ್ಲಾಸ್‌ರೂಮಿಗೆ ಅಷ್ಟೇ ಅಂದ್ಕೊಂಡ್ವಿ" ಅಂದರು. ಹಿಂದಿನ ವಾರ ಕೆಳಗಿನ ಮೆಡಿಕಲ್ ಶಾಪಿನಲ್ಲಿ ಒಬ್ಬ ಅಜ್ಜಿ ತಲೆಸುತ್ತಿ ಬಿದ್ದಿದ್ದರು. ಅಂಗಡಿ ಹುಡುಗ 108ಕ್ಕೆ ಫೋನ್ ಮಾಡಲು ಬಸ್‌ಸ್ಟ್ಯಾಂಡ್ ತನಕ ಓಡಿದ್ದ. ಅಜ್ಜಿ ಉಳಿದರು. ಆದರೆ ಹುಡುಗ ಓಡಿದ್ದು ಯಾಕೆ ಅಂತ ಮೇಲೆ ಪಾಠ ಮಾಡುತ್ತಿದ್ದವರಿಗೆ ಗೊತ್ತೇ ಇರಲಿಲ್ಲ. ನಾನು ಹೇಳಿದಾಗ ಅವರ ಮುಖ ಬಿಳಿಚಿಕೊಂಡಿತು. ಅವತ್ತೇ ವೈರ್ ಕಿತ್ತರು.

ಆ ಹತ್ತು ಮೀಟರ್ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮೋಸ ಇರುವುದೇ ಅಲ್ಲಿ.

ಜಾಮರ್ ಫೋನಿನ ಒಳಗೆ ಏನೂ ಮಾಡುವುದಿಲ್ಲ. ಯಾರ ನಂಬರೂ ಅದಕ್ಕೆ ಗೊತ್ತಿಲ್ಲ. ಟವರ್ ಯಾವ ತರಂಗಾಂತರದಲ್ಲಿ ಮಾತಾಡುತ್ತದೋ ಅದೇ ತರಂಗಾಂತರದಲ್ಲಿ ಸುಮ್ನೆ ಗದ್ದಲ ಎಬ್ಬಿಸುತ್ತದೆ. ಜಾತ್ರೆಯಲ್ಲಿ ಡೊಳ್ಳಿನ ಪಕ್ಕ ನಿಂತವನ ಕಿವಿಗೆ ದೂರದಿಂದ ಹೆಂಡತಿ ಕರೆದದ್ದು ಕೇಳಿಸುತ್ತದೆಯೇ? ಅಷ್ಟೇ ವಿಷಯ. ಟವರ್ ಒಂದೆರಡು ಕಿಲೋಮೀಟರ್ ದೂರ ಇರುತ್ತದೆ, ಅದರ ಸಿಗ್ನಲ್ ಫೋನಿಗೆ ಮುಟ್ಟುವಾಗ ತೀರಾ ಕ್ಷೀಣ. ಹತ್ತಿರದ ಪುಟ್ಟ ಪೆಟ್ಟಿಗೆಯ ಗದ್ದಲವೇ ಅದನ್ನು ನುಂಗಲು ಸಾಕು.

ಹಾಗಾದರೆ ಗದ್ದಲ ಎಷ್ಟು ದೂರ ಕೆಲಸ ಮಾಡುತ್ತದೆ? ಅದು ಟವರಿನ ಸಿಗ್ನಲ್ ಆ ಜಾಗದಲ್ಲಿ ಎಷ್ಟು ಗಟ್ಟಿ ಇದೆ ಅನ್ನುವುದರ ಮೇಲೆ ನಿಂತಿದೆ. ಬೆಂಗಳೂರಿನ ಎಂ.ಜಿ. ರಸ್ತೆಯಲ್ಲಿ ಟವರಿನ ಬುಡದಲ್ಲೇ ಇದ್ದರೆ ಹತ್ತು ಮೀಟರ್ ಇರಬಹುದು. ನಮ್ಮ ಮಲೆನಾಡಿನಲ್ಲಿ? ಒಂದು ಕಡ್ಡಿ ಸಿಗ್ನಲ್ಲಿಗೆ ನಾವು ಗುಡ್ಡ ಹತ್ತುವವರು. ಇಲ್ಲಿ ಅದೇ ಪೆಟ್ಟಿಗೆಯ ಗದ್ದಲ ಎಷ್ಟೋ ಪಟ್ಟು ದೂರದವರೆಗೆ ಹಾನಿ ಮಾಡುತ್ತದೆ. ಪೆಟ್ಟಿಗೆ ಮೇಲೆ ಬರೆದ ಅಂಕಿ ನಿಮ್ಮ ಕಾಲೇಜಿಗೆ ಅನ್ವಯಿಸುವುದೇ ಇಲ್ಲ. ಗೋಡೆ ತಡೆಯುತ್ತದೆ ಅಂದುಕೊಳ್ಳಬೇಡಿ. ಟವರಿನ ಸಿಗ್ನಲ್ ಗೋಡೆ ದಾಟಿ ಒಳಗೆ ಬರುತ್ತದೆ ಅಂದಮೇಲೆ ಜಾಮರಿನದ್ದು ಗೋಡೆ ದಾಟಿ ಹೊರಗೆ ಹೋಗುತ್ತದೆ.

ಇನ್ನೊಂದು ಮಾತು. 112 ಅಥವಾ ಆಂಬುಲೆನ್ಸ್ ಕರೆಯನ್ನು ಮಾತ್ರ ಬಿಟ್ಟು ಉಳಿದದ್ದನ್ನು ತಡೆಯುವಂತೆ ಮಾಡಬಹುದಲ್ಲ ಅಂತ ಒಬ್ಬರು ಕೇಳಿದ್ದರು. ಈ ಪೆಟ್ಟಿಗೆಗಳಲ್ಲಿ ಅದು ಆಗದ ಮಾತು. ಗದ್ದಲಕ್ಕೆ ಕಿವಿ ಇಲ್ಲ. ಸಾಮಾನ್ಯವಾಗಿ ನಿಮ್ಮ ಸಿಮ್ಮಿಗೆ ನೆಟ್‌ವರ್ಕ್ ಇಲ್ಲದಿದ್ದರೂ, ಬೇರೆ ಕಂಪನಿಯ ಟವರ್ ಸಿಕ್ಕರೆ ಅದರ ಮೂಲಕವೇ 112 ಕರೆ ಹೋಗುವ ವ್ಯವಸ್ಥೆ ಇದೆ. ಪರದೆಯ ಮೇಲೆ "ಎಮರ್ಜೆನ್ಸಿ ಕಾಲ್ಸ್ ಓನ್ಲಿ" ಅಂತ ಬರುತ್ತದಲ್ಲ, ಅದು ಇದೇ. ಜಾಮರ್ ಎಲ್ಲ ಕಂಪನಿಗಳನ್ನೂ ಒಟ್ಟಿಗೆ ಮುಳುಗಿಸುವುದರಿಂದ ಆ ಕೊನೆಯ ದಾರಿಯೂ ಮುಚ್ಚುತ್ತದೆ.

ಈಗ ಹೊರದೇಶದ ಒಂದೆರಡು ಪ್ರಕರಣ ಹೇಳುತ್ತೇನೆ. ಇವುಗಳಲ್ಲಿ ಯಾರೂ ಭಯೋತ್ಪಾದಕರಲ್ಲ. ಎಲ್ಲರೂ ನಮ್ಮ ನಿಮ್ಮಂಥವರು.

ಅಮೆರಿಕದ ನ್ಯೂಜೆರ್ಸಿಯಲ್ಲಿ ಒಬ್ಬ ಕೆಲಸಗಾರ. ಅವನು ಓಡಿಸುತ್ತಿದ್ದ ಪಿಕಪ್ ಟ್ರಕ್ಕಿನಲ್ಲಿ ಕಂಪನಿಯವರು ಜಿಪಿಎಸ್ ಕೂರಿಸಿದ್ದರು. ತಾನು ಎಲ್ಲಿದ್ದೇನೆ ಅಂತ ಯಜಮಾನನಿಗೆ ತಿಳಿಯಬಾರದು ಅಂತ ಅವನು ಒಂದು ಪುಟ್ಟ ಜಿಪಿಎಸ್ ಜಾಮರ್ ತಂದು ಗಾಡಿಯಲ್ಲಿ ಹಾಕಿಕೊಂಡ. 2012ರ ಆಗಸ್ಟಿನಲ್ಲಿ ಅದೇ ಗಾಡಿಯಲ್ಲಿ ನ್ಯೂವಾರ್ಕ್ ವಿಮಾನ ನಿಲ್ದಾಣಕ್ಕೆ ಬಂದ. ಅಲ್ಲಿ ಆಗ ಹೊಸ ವ್ಯವಸ್ಥೆಯೊಂದನ್ನು ಪರೀಕ್ಷೆ ಮಾಡುತ್ತಿದ್ದರು. ನೆಲದ ಮೇಲಿನ ರಿಸೀವರುಗಳು ಜಿಪಿಎಸ್ ಸಿಗ್ನಲ್ ಕೇಳಿಸಿಕೊಂಡು, ಅದರಲ್ಲಿನ ಸಣ್ಣ ತಪ್ಪನ್ನು ಲೆಕ್ಕ ಹಾಕಿ, ಇಳಿಯುವ ವಿಮಾನಗಳಿಗೆ ತಿದ್ದುಪಡಿ ಕಳಿಸುವ ವ್ಯವಸ್ಥೆ ಅದು. ಇವನ ಪೆಟ್ಟಿಗೆ ಅದಕ್ಕೇ ಅಡ್ಡ ಬಂತು. ಅಲ್ಲಿನ ಸಂಪರ್ಕ ಆಯೋಗವಾದ ಎಫ್‌ಸಿಸಿಯ ಅಧಿಕಾರಿಗಳು ಹುಡುಕಿಕೊಂಡು ಬಂದು ಗಾಡಿಯನ್ನು ಹಿಡಿದರು. ಅವನು ಜಾಮರನ್ನು ಅವರ ಕೈಗೇ ಒಪ್ಪಿಸಿದ. 2013ರಲ್ಲಿ 31,875 ಡಾಲರ್ ದಂಡ ವಿಧಿಸಲು ಮುಂದಾದರು. ಆಗಿನ ಲೆಕ್ಕದಲ್ಲಿ ಸುಮಾರು 19 ಲಕ್ಷ ರೂಪಾಯಿ.

ಇದೇ ನಿಲ್ದಾಣದಲ್ಲಿ ಅದಕ್ಕೂ ಕೆಲವು ವರ್ಷ ಮೊದಲು ಪಕ್ಕದ ಹೆದ್ದಾರಿಯಲ್ಲಿ ಹಾದುಹೋಗುವ ಗಾಡಿಗಳಿಂದ ಇಂಥದ್ದೇ ತೊಂದರೆ ಆಗಿತ್ತು. ಸಿಗ್ನಲ್ ಆಗಾಗ ಸ್ವಲ್ಪ ಹೊತ್ತು ಹೋಗುವುದು, ಮತ್ತೆ ಬರುವುದು. ಕಾರಣ ಪತ್ತೆ ಮಾಡಲು ತಿಂಗಳುಗಳೇ ಹಿಡಿದವು. ಜಿಪಿಎಸ್ ಉಪಗ್ರಹಗಳು ಭೂಮಿಯಿಂದ ಸುಮಾರು 20,200 ಕಿಲೋಮೀಟರ್ ಮೇಲಿವೆ. ಅಷ್ಟು ದೂರದಿಂದ ಬರುವ ಸಿಗ್ನಲ್ ಮೊಬೈಲ್ ಸಿಗ್ನಲ್ಲಿಗಿಂತಲೂ ಎಷ್ಟೋ ಕ್ಷೀಣ. ಅದಕ್ಕೇ ಸಿಗರೇಟ್ ಲೈಟರಿನ ಜಾಗಕ್ಕೆ ಚುಚ್ಚುವ ಬೆರಳುದ್ದದ ಸಾಧನ ವಿಮಾನ ನಿಲ್ದಾಣವನ್ನೇ ಗಲಿಬಿಲಿ ಮಾಡುತ್ತದೆ. ಫ್ರಾನ್ಸಿನ ನಾಂತ್ ವಿಮಾನ ನಿಲ್ದಾಣದಲ್ಲಿ 2017ರಲ್ಲಿ ಹೀಗೇ ಆಯಿತು. ಒಬ್ಬಾತ ಕಾರನ್ನು ಪಾರ್ಕಿಂಗಿನಲ್ಲಿ ನಿಲ್ಲಿಸಿ ವಿಮಾನ ಹತ್ತಿ ಹೋದ. ಕಾರಿನೊಳಗಿನ ಜಾಮರ್ ಆರಿಸುವುದನ್ನು ಮರೆತಿದ್ದ. ವಿಮಾನಗಳು ತಡವಾದವು. ಅವನಿಗೆ 2,000 ಯೂರೋ ದಂಡ ಬಿತ್ತು.

ಫ್ಲಾರಿಡಾದ ಪ್ರಕರಣ ನನ್ನನ್ನು ಇನ್ನೂ ಕಾಡುತ್ತದೆ. ಯಾಕೆಂದರೆ ಅವನ ಉದ್ದೇಶ ಒಳ್ಳೆಯದೇ ಇತ್ತು. ಗಾಡಿ ಓಡಿಸುತ್ತಾ ಫೋನಿನಲ್ಲಿ ಮಾತಾಡುವವರನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ. ಕಾರಿನ ಸೀಟಿನ ಕವರ್ ಹಿಂದೆ ಜಾಮರ್ ಇಟ್ಟುಕೊಂಡು, ಟ್ಯಾಂಪಾ ಹತ್ತಿರದ ಹೆದ್ದಾರಿಯಲ್ಲಿ ಕೆಲಸಕ್ಕೆ ಹೋಗುವಾಗ ಬರುವಾಗ ಆನ್ ಮಾಡುತ್ತಿದ್ದ. ಎರಡು ವರ್ಷದ ಹತ್ತಿರ ಹೀಗೇ ನಡೆಸಿದ. 2013ರ ಏಪ್ರಿಲಿನಲ್ಲಿ ಒಂದು ಮೊಬೈಲ್ ಕಂಪನಿ ದೂರು ಕೊಟ್ಟಿತು. ಬೆಳಗ್ಗೆ ಸಂಜೆ ಅದೇ ದಾರಿಯ ಟವರುಗಳಿಗೆ ತೊಂದರೆ ಅಂತ. ಅಧಿಕಾರಿಗಳು ಮೇ ತಿಂಗಳಲ್ಲಿ ಹಿಂಬಾಲಿಸಿ ಹಿಡಿದರು. ಅವನ ಕಾರಿನ ಹತ್ತಿರ ಹೋಗುತ್ತಿದ್ದಂತೆ ಪೊಲೀಸರ ವೈರ್‌ಲೆಸ್ಸೇ ಸತ್ತುಹೋಯಿತು. ರಸ್ತೆ ಸುರಕ್ಷತೆಗೆ ಅಂತ ಹೊರಟವನು ಅದೇ ರಸ್ತೆಯಲ್ಲಿ ಅಪಘಾತವಾದರೆ ಯಾರೂ ಅಲ್ಲಿನ ತುರ್ತು ನಂಬರ್ 911ಕ್ಕೆ ಕರೆ ಮಾಡಲಾಗದಂತೆ ಮಾಡಿಟ್ಟಿದ್ದ. ಎರಡು ವರ್ಷದಲ್ಲಿ ಎಷ್ಟು ಕರೆ ತಪ್ಪಿದವು? ಅದಕ್ಕೆ ಲೆಕ್ಕವೇ ಇಲ್ಲ, ಹೋಗದ ಕರೆಗೆ ದಾಖಲೆ ಎಲ್ಲಿರುತ್ತದೆ? ಎಫ್‌ಸಿಸಿ 48,000 ಡಾಲರ್ ದಂಡ ವಿಧಿಸಲು ಮುಂದಾಯಿತು.

ಇಲ್ಲಿ ಕೂತಿರುವ ಅಪ್ಪ ಅಮ್ಮಂದಿರಿಗೆ ಮೆಸಾಂಜ್ ಅನ್ನುವ ಫ್ರಾನ್ಸಿನ ಊರಿನ ಕಥೆ ಹೇಳಲೇಬೇಕು. ಅಲ್ಲಿ ದಿನಾ ಮಧ್ಯರಾತ್ರಿಯಿಂದ ಮೂರು ಗಂಟೆವರೆಗೆ ಊರಿನ ಮೊಬೈಲು, ಇಂಟರ್‌ನೆಟ್ ಎರಡೂ ಹೋಗುತ್ತಿದ್ದವು. ದೂರು ಬಂದ ಮೇಲೆ ತರಂಗಾಂತರ ನೋಡಿಕೊಳ್ಳುವ ಸಂಸ್ಥೆಯ ತಂತ್ರಜ್ಞರೊಬ್ಬರು ರಾತ್ರಿ ಗಾಡಿಯಲ್ಲಿ ಸುತ್ತಾಡಿ, ಗದ್ದಲದ ಮೂಲ ಹಿಡಿದು, ಪಕ್ಕದ ಊರಿನ ಒಂದು ಮನೆಗೆ ಬಂದರು. ಮನೆಯ ಯಜಮಾನ ಒಪ್ಪಿಕೊಂಡ. ಲಾಕ್‌ಡೌನ್ ಕಾಲದಲ್ಲಿ ಮಕ್ಕಳು ಫೋನಿಗೆ ಅಂಟಿಕೊಂಡಿದ್ದರು, ರಾತ್ರಿ ಮಲಗುತ್ತಿರಲಿಲ್ಲ, ಅದಕ್ಕೇ ಜಾಮರ್ ತಂದೆ ಅಂದ. ತನ್ನ ಮಕ್ಕಳನ್ನು ಮಲಗಿಸಲು ಹೋಗಿ ಎರಡು ಊರಿನ ಫೋನನ್ನು ಮಲಗಿಸಿದ್ದ. ಅಲ್ಲಿನ ಕಾನೂನಿನಲ್ಲಿ ಇದಕ್ಕೆ 6 ತಿಂಗಳವರೆಗೆ ಜೈಲು, 30,000 ಯೂರೋವರೆಗೆ ದಂಡ ಇದೆ. ಮನೆಯ ವೈಫೈ ರೂಟರಿನ ಸ್ವಿಚ್ ಆರಿಸಿ, ಫೋನುಗಳನ್ನು ತನ್ನ ಕೋಣೆಯಲ್ಲಿ ಇಟ್ಟುಕೊಂಡಿದ್ದರೆ ಮುಗಿದುಹೋಗುತ್ತಿತ್ತು.

ಇನ್ನು ನಮ್ಮ ದೇಶದ ಕಾನೂನು. ಇದನ್ನು ಸುತ್ತಿ ಬಳಸಿ ಹೇಳುವುದಿಲ್ಲ. ಖಾಸಗಿ ವ್ಯಕ್ತಿ, ಖಾಸಗಿ ಸಂಸ್ಥೆ ಯಾರೂ ಜಾಮರ್ ಕೊಳ್ಳುವಂತಿಲ್ಲ, ಬಳಸುವಂತಿಲ್ಲ. ಕಾಲೇಜು, ಕಲ್ಯಾಣ ಮಂಟಪ, ಸಿನಿಮಾ ಥಿಯೇಟರ್, ದೇವಸ್ಥಾನ, ಫ್ಯಾಕ್ಟರಿ ಎಲ್ಲಕ್ಕೂ ಇದೇ ಮಾತು. ದೂರಸಂಪರ್ಕ ಇಲಾಖೆ 2022ರಲ್ಲಿ ಇದನ್ನು ಸಾರ್ವಜನಿಕರಿಗೆ ಸ್ಪಷ್ಟವಾಗಿ ತಿಳಿಸಿತು. ಮೊಬೈಲ್ ಜಾಮರ್, ಜಿಪಿಎಸ್ ಬ್ಲಾಕರ್ ಎರಡೂ ಅದರಲ್ಲಿವೆ. ಮಾರುವುದು, ಜಾಹೀರಾತು ಕೊಡುವುದು, ಹೊರದೇಶದಿಂದ ತರಿಸುವುದು ಕೂಡ ತಪ್ಪು ಅಂತ ಹೇಳಿತು. ಆನ್‌ಲೈನ್ ಅಂಗಡಿಗಳಿಗೂ ಎಚ್ಚರಿಕೆ ಹೋಯಿತು. ಆನ್‌ಲೈನಲ್ಲಿ ಸಿಗುತ್ತದೆ ಅಂದಮಾತ್ರಕ್ಕೆ ಅದು ಕಾನೂನುಬದ್ಧ ಅಲ್ಲ, ದಯವಿಟ್ಟು ನೆನಪಿಡಿ.

ಹಿಂದೆ 1885ರ ಟೆಲಿಗ್ರಾಫ್ ಕಾಯ್ದೆ, 1933ರ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆ ಇದ್ದವು. 1933ರ ಕಾಯ್ದೆಯಲ್ಲಿ ಲೈಸೆನ್ಸ್ ಇಲ್ಲದೆ ಟ್ರಾನ್ಸ್‌ಮಿಟರ್ ಇಟ್ಟುಕೊಂಡಿದ್ದರೇ ಅಪರಾಧ, ಆನ್ ಮಾಡಬೇಕಾಗಿಯೂ ಇರಲಿಲ್ಲ. ಈಗ 2023ರ ದೂರಸಂಪರ್ಕ ಕಾಯ್ದೆ ಬಂದಿದೆ. ಅದರ 48ನೇ ಸೆಕ್ಷನ್ ಸಂಪರ್ಕ ತಡೆಯುವ ಉಪಕರಣಗಳ ಬಗ್ಗೆಯೇ ಇದೆ. 2024ರ ಜುಲೈ 5ರಿಂದ ಜಾರಿಯಲ್ಲಿದೆ. ಅನುಮತಿ ಇಲ್ಲದೆ ಇಟ್ಟುಕೊಂಡರೆ 3 ವರ್ಷದವರೆಗೆ ಜೈಲು, 50 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಮೀಟಿಂಗಿನಲ್ಲಿ "ತಂದು ಹಾಕಿಬಿಡೋಣ" ಅಂದವರು ಈ ಅಂಕಿಯನ್ನು ಒಮ್ಮೆ ಬರೆದಿಟ್ಟುಕೊಳ್ಳಿ. 2025ರ ಆರಂಭದಲ್ಲಿ ದೆಹಲಿಯ ಪಾಲಿಕಾ ಬಜಾರಿನ ಒಂದು ಅಂಗಡಿಯಲ್ಲಿ ಪೊಲೀಸರು ಎರಡು ಚೀನೀ ಜಾಮರ್ ವಶಪಡಿಸಿಕೊಂಡದ್ದು ಪೇಪರಿನಲ್ಲಿ ಬಂದಿತ್ತು.

ಯಾರಿಗೆ ಅನುಮತಿ ಸಿಗುತ್ತದೆ? ಸೇನೆ, ಪೊಲೀಸ್, ಜೈಲು, ಗಣ್ಯರ ಭದ್ರತೆ, ಇಂಥವಕ್ಕೆ. ಕೇಂದ್ರದ ಸಂಪುಟ ಸಚಿವಾಲಯದ ಮಾರ್ಗಸೂಚಿ ಪ್ರಕಾರ ಅನುಮತಿ ಪಡೆಯಬೇಕು. ಸರ್ಕಾರಿ ಕಂಪನಿಗಳಾದ ಹೈದರಾಬಾದಿನ ಇಸಿಐಎಲ್, ನಮ್ಮ ಬೆಂಗಳೂರಿನ ಬಿಇಎಲ್ ಇಂಥ ಉಪಕರಣ ಮಾಡುತ್ತವೆ. ಪರೀಕ್ಷೆಗಳಿಗೂ ಒಂದು ದಾರಿ ಇದೆ. ಕಾನೂನಿನಡಿ ಪರೀಕ್ಷೆ ನಡೆಸುವ ಸಂಸ್ಥೆಗಳು ಕಡಿಮೆ ಶಕ್ತಿಯ ಜಾಮರನ್ನು ಪರೀಕ್ಷೆಯ ಹೊತ್ತಿಗೆ ಮಾತ್ರ, ಅನುಮತಿ ಪಡೆದು ಬಳಸಬಹುದು. ನಮ್ಮಲ್ಲಿ 2021ರ ಪಿಎಸ್ಐ ಪರೀಕ್ಷೆಯಲ್ಲಿ, ಆಮೇಲೆ 2023ರಲ್ಲಿ ಕೆಇಎ ಪರೀಕ್ಷೆಯಲ್ಲಿ ಬ್ಲೂಟೂತ್ ಅಕ್ರಮ ಆಯಿತಲ್ಲ, ಅದರ ನೋವು ನಮಗೆಲ್ಲ ಇದೆ. ಓದಿ ಬರೆದ ಮಕ್ಕಳಿಗೆ ಅನ್ಯಾಯವಾಯಿತು. ಆದರೂ ನನ್ನ ಅಭಿಪ್ರಾಯ ಏನೆಂದರೆ, ಬಾಗಿಲಲ್ಲಿ ಸರಿಯಾಗಿ ತಪಾಸಣೆ ಮಾಡುವುದೇ ಮೊದಲ ಕೆಲಸ. ಕಾಲೇಜಿನ ಟೆಸ್ಟಿಗೆ, ಇಂಟರ್ನಲ್ಸಿಗೆ ಈ ಅನುಮತಿ ಕೇಳುವ ಮಾತೇ ಇಲ್ಲ.

ಅನುಮತಿ ಇರುವ ಜಾಮರಿನಿಂದಲೇ ಏನಾಗುತ್ತದೆ ನೋಡಿ. ಜೈಲಿನೊಳಗೆ ಫೋನ್ ನಿಲ್ಲಬೇಕು ಅನ್ನುವುದು ನ್ಯಾಯವಾದ ಬೇಡಿಕೆ. ಆದರೆ ಮಂಗಳೂರಿನ ಜೈಲು ಇರುವುದು ಕೊಡಿಯಾಲ್‌ಬೈಲಿನಲ್ಲಿ, ಊರಿನ ನಡುವೆ. ಅಲ್ಲಿ ಹೊಸ ಜಾಮರ್ ಬಂದ ಮೇಲೆ ಸುತ್ತಮುತ್ತಲಿನ ಮನೆ, ಅಂಗಡಿ, ವಕೀಲರ ಕಚೇರಿಗಳಲ್ಲಿ ನೆಟ್‌ವರ್ಕ್ ಹೋಯಿತು. 2025ರಲ್ಲಿ ಜನ ಪ್ರತಿಭಟನೆಗೇ ಇಳಿದರು. ಪರಪ್ಪನ ಅಗ್ರಹಾರದ ಸುತ್ತಲಿನ ನಿವಾಸಿಗಳೂ ಇದೇ ದೂರು ಹೇಳಿದ್ದಾರೆ. ಇಂಜಿನಿಯರುಗಳು ಅಳೆದು, ಆಂಟೆನಾ ದಿಕ್ಕು ನೋಡಿ ಕೂರಿಸಿದ ಉಪಕರಣದ ಗತಿಯೇ ಹೀಗಾದರೆ, ಪಾರ್ಸೆಲ್ಲಿನಲ್ಲಿ ಬಂದ ಪೆಟ್ಟಿಗೆಯನ್ನು ಕಪಾಟಿನ ಮೇಲೆ ಇಟ್ಟರೆ ಹೇಗೆ?

ಪೋಷಕರಿಗೆ, ಅದರಲ್ಲೂ ಹೆಣ್ಣುಮಕ್ಕಳ ತಾಯಂದಿರಿಗೆ ಒಂದು ವಿಷಯ. ಹಳದಿ ಬೋರ್ಡಿನ ಟ್ಯಾಕ್ಸಿ, ಬಸ್ಸುಗಳಲ್ಲಿ ಕೆಂಪು ಪ್ಯಾನಿಕ್ ಬಟನ್ ಇರಬೇಕು ಅಂತ ನಿಯಮ ಇದೆ. ಅದನ್ನು ಒತ್ತಿದರೆ ಗಾಡಿ ಎಲ್ಲಿದೆ ಅಂತ ಕಂಟ್ರೋಲ್ ರೂಮಿಗೆ ತಿಳಿಯುತ್ತದೆ. ಎಲ್ಲಿದೆ ಅನ್ನುವುದನ್ನು ಜಿಪಿಎಸ್ ಹೇಳುತ್ತದೆ, ಆ ಮಾತನ್ನು ಮೊಬೈಲ್ ನೆಟ್‌ವರ್ಕ್ ಹೊತ್ತು ಮುಟ್ಟಿಸುತ್ತದೆ. ಜಾಮರ್ ಇರುವ ಜಾಗದಲ್ಲಿ ಆ ಬಟನ್ ಬರೀ ಪ್ಲಾಸ್ಟಿಕ್ ತುಂಡು. ಸಂಜೆ ಕಾಲೇಜು ಬಿಟ್ಟು ಗೇಟಿನ ಮುಂದೆ ಗಾಡಿ ಹತ್ತುವ ಮಗಳು ನಿಮ್ಮದೇ ಜಾಮರಿನ ನೆರಳಿನಲ್ಲಿ ನಿಂತಿರುತ್ತಾಳೆ.

ಜಾಮರಿನ ಅಣ್ಣನೊಬ್ಬ ಇದ್ದಾನೆ, ಸಿಗ್ನಲ್ ಬೂಸ್ಟರ್. ನಮ್ಮ ಕಡೆ ತೋಟದ ಮನೆಗಳಲ್ಲಿ ಇದು ಜಾಸ್ತಿ. ಸಿಗ್ನಲ್ ಇಲ್ಲ ಅಂತ ಪಾಪ, ಆಸೆಯಿಂದ ತಂದು ಹಾಕುತ್ತಾರೆ. ಅಗ್ಗದ ಬೂಸ್ಟರಿನಲ್ಲಿ ಒಳಗಿನ ಆಂಟೆನಾದ ಸದ್ದು ಹೊರಗಿನ ಆಂಟೆನಾಕ್ಕೆ ಕೇಳಿಸಿಬಿಡುತ್ತದೆ. ಸಭೆಯಲ್ಲಿ ಮೈಕನ್ನು ಸ್ಪೀಕರಿನ ಹತ್ತಿರ ತಂದರೆ ಕೀಂ ಅನ್ನುತ್ತದಲ್ಲ, ಹಾಗೆ ಅದು ಕಿರುಚತೊಡಗುತ್ತದೆ. ಆ ಕಿರುಚಾಟ ಟವರಿನ ಕಿವಿಗೆ ಬೀಳುತ್ತದೆ. ಇಡೀ ಹೋಬಳಿಯ ನೆಟ್‌ವರ್ಕ್ ಹಾಳಾಗುತ್ತದೆ. ಅನುಮತಿ ಇಲ್ಲದ ಬೂಸ್ಟರ್ ಕೂಡ 2022ರ ಅದೇ ಎಚ್ಚರಿಕೆಯಲ್ಲಿ ಸೇರಿದೆ. ಸಿಗ್ನಲ್ ಇಲ್ಲದ ಮನೆಗೆ ಬ್ರಾಡ್‌ಬ್ಯಾಂಡ್ ಬಂದಿದ್ದರೆ ಫೋನಿನಲ್ಲಿ ವೈಫೈ ಕಾಲಿಂಗ್ ಆನ್ ಮಾಡಿಕೊಳ್ಳಿ. ಅದಕ್ಕೆ ಖರ್ಚೂ ಇಲ್ಲ, ಕೇಸೂ ಇಲ್ಲ.

ಕ್ಲಾಸಿನ ಸಮಸ್ಯೆಗೆ ಏನು ಮಾಡಬೇಕು ಅಂತ ಕೇಳುತ್ತೀರಿ. ನಮ್ಮ ಮುಜರಾಯಿ ದೇವಸ್ಥಾನಗಳಲ್ಲಿ 2023ರಲ್ಲಿ ಮೊಬೈಲ್ ಬಳಕೆ ನಿಷೇಧ ಅಂತ ಸರ್ಕಾರದ ಆದೇಶ ಬಂತು. ಬೋರ್ಡ್ ಹಾಕಿ, ಆರಿಸಿಕೊಂಡು ಬನ್ನಿ ಅಂದರು. ಕ್ಲಾಸಿನಲ್ಲೂ ಹಾಗೇ ಮಾಡಬಹುದು. ಬಾಗಿಲ ಪಕ್ಕ ಗೋಡೆಗೆ ನಂಬರ್ ಹಾಕಿದ ಬಟ್ಟೆಯ ಜೇಬುಗಳನ್ನು ಹೊಲಿಸಿ ತೂಗುಹಾಕಿ. ನಾನು ಕೊನೆಯ ನಾಲ್ಕು ವರ್ಷ ಹಾಗೇ ಮಾಡಿದೆ. ಮಕ್ಕಳು ಒಳಗೆ ಬರುವಾಗ ಫೋನ್ ಸೈಲೆಂಟ್ ಮಾಡಿ ಅವರವರ ನಂಬರಿನ ಜೇಬಿಗೆ ಹಾಕುತ್ತಿದ್ದರು. ಮೊದಲ ವಾರ ಗೊಣಗಿದರು. ನಾನೂ ನನ್ನ ಫೋನನ್ನು ಒಂದನೇ ನಂಬರಿನ ಜೇಬಿಗೆ ಹಾಕತೊಡಗಿದ ಮೇಲೆ ಗೊಣಗುವುದು ನಿಂತಿತು. ಒಂದು ಮಧ್ಯಾಹ್ನ ಒಬ್ಬ ಹುಡುಗನ ಫೋನ್ ಆ ಜೇಬಿನಲ್ಲಿ ಬಿಡದೆ ಅಲುಗಾಡಿತು. ತೆಗೆದು ಕೊಟ್ಟೆ. ಅವರಪ್ಪ ಅಡಿಕೆ ಮರದಿಂದ ಬಿದ್ದಿದ್ದರು. ಹುಡುಗ ಹತ್ತೇ ನಿಮಿಷದಲ್ಲಿ ಬಸ್ ಹತ್ತಿದ.

ನಿಮ್ಮ ಬೀದಿಯಲ್ಲಿ ದಿನಾ ಒಂದೇ ಹೊತ್ತಿಗೆ ಎಲ್ಲ ಕಂಪನಿಯ ಸಿಗ್ನಲ್ಲೂ ಒಟ್ಟಿಗೆ ಹೋಗುತ್ತಿದ್ದರೆ ಅನುಮಾನ ಪಡಿ. ಹೊತ್ತು, ಜಾಗ, ಯಾವ ಯಾವ ಸಿಮ್ ಅಂತ ಒಂದು ವಾರ ಬರೆದಿಡಿ. ನಿಮ್ಮ ಮೊಬೈಲ್ ಕಂಪನಿಗೆ ಆ ಪಟ್ಟಿ ಸಮೇತ ದೂರು ಕೊಡಿ. ಕೇಂದ್ರ ಸರ್ಕಾರದ ವೈರ್‌ಲೆಸ್ ಮಾನಿಟರಿಂಗ್ ಆರ್ಗನೈಸೇಷನ್ ಅಂತ ಇದೆ, ಇಂಥ ಗದ್ದಲದ ಮೂಲ ಹುಡುಕುವುದೇ ಅವರ ಕೆಲಸ. ನೀವೇ ಹೋಗಿ ಜಗಳ ಮಾಡಬೇಡಿ. ನಾನು ಮೇಲೆ ಹತ್ತಿ ಹೋಗಿ ಕೇಳಿದ್ದು ಪರಿಚಯದವರು ಅನ್ನುವ ಧೈರ್ಯದಿಂದ.

ಮಾತು ಮುಗಿದ ಮೇಲೆ ಹಿಂದಿನ ಸಾಲಿನಿಂದ ಹಿರಿಯರೊಬ್ಬರು ಎದ್ದು ನಿಂತರು. "ಸಾರ್, ಹೋದ ವರ್ಷವೇ ಒಂದು ತರಿಸಿಟ್ಟಿದ್ದೇವೆ. ಇನ್ನೂ ಪ್ಯಾಕ್ ಒಡೆದಿಲ್ಲ. ವಾಪಸ್ ಮಾರಿಬಿಡೋಣವೇ?" ಅಂತ ಕೇಳಿದರು. ಎಲ್ಲರ ಮುಂದೆ ಹೇಳಿದ ಅವರ ಪ್ರಾಮಾಣಿಕತೆಗೆ ನಾನು ಕೈ ಮುಗಿದೆ. ಮಾರಬೇಡಿ, ಯಾರಿಗೂ ಸುಮ್ನೆ ಕೊಡಲೂ ಬೇಡಿ, ಮಾರಿದರೆ ಅದೂ ತಪ್ಪೇ ಅಂದೆ. ಬಿಲ್ ಸಮೇತ ಹಾಗೇ ಇಡಿ, ಒಬ್ಬ ವಕೀಲರನ್ನು ಕೇಳಿ, ಬೆಂಗಳೂರಿನ ದೂರಸಂಪರ್ಕ ಇಲಾಖೆ ಕಚೇರಿಗೆ ನಡೆದದ್ದನ್ನು ನಡೆದಂತೆ ಬರೆದು ಒಪ್ಪಿಸುವುದಾಗಿ ತಿಳಿಸಿ ಅಂದೆ. ಪ್ರಿನ್ಸಿಪಾಲರು ಅಲ್ಲೇ ಪೆನ್ನು ತೆಗೆದು ಪತ್ರದ ಮೊದಲ ಸಾಲು ಬರೆಯತೊಡಗಿದರು.